ಎಂಟು ಎಣಿಕೆಯ ಜಾಗ

ನವೆಂಬರ್ 6, ಸೋಮವಾರ

ದಿನಚರಿ ಬರೆಯುವ ಚಾಳಿ ನನಗಿಲ್ಲ. ಆದರೆ ಇವತ್ತು ಕಂಡದ್ದನ್ನು ಅಮ್ಮನಿಗೆ ಹೇಳುವಂತಿಲ್ಲ, ಹೇಳಿಕೊಳ್ಳಲು ಇನ್ನು ಯಾರೂ ಇಲ್ಲ. ಅದಕ್ಕೇ ಶಾಲೆಯ ಉಗ್ರಾಣದಿಂದ ಈ ನೋಟ್‌ಬುಕ್ಕು ತಂದೆ.

ಅಕ್ಕ ಹೋಗಿ ಮೂರು ವಾರವಾಯಿತು. ಅವಳು ಹನ್ನೆರಡು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟ ಪ್ರಾಥಮಿಕ ಶಾಲೆಯಲ್ಲಿ ಇವತ್ತಿನಿಂದ ಅವಳ ಕುರ್ಚಿಯಲ್ಲಿ ನಾನು. ಹೆಡ್‌ಮೇಡಂ ಮನೆಗೇ ಬಂದು ಕೇಳಿದ್ದರು. "ವರ್ಷದ ಮಧ್ಯೆ ಯಾರೂ ಸಿಗಲ್ಲಮ್ಮ. ಡಿಸೆಂಬರ್ ರಜೆವರೆಗಾದ್ರೂ ನೋಡ್ಕೊಳ್ಳಿ. ನೀವೂ ಕಲಿತವರೇ ಅಲ್ವಾ?" ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಮಾಡ್ತಾಳೆ," ಎಂದುಬಿಟ್ಟಳು. ನನ್ನ ಮುಖ ನೋಡಿ ಹೇಳಲಿಲ್ಲ. ಬಂದಾಗಿನಿಂದ ಅಮ್ಮ ನನ್ನ ಮುಖ ನೋಡಿ ಏನನ್ನೂ ಹೇಳಿಲ್ಲ.

ಕಲಿತವಳು ಹೌದು. ಆದರೆ ಈಗ ನಾನು ಬೇರೆ ಊರಿನ ಕಣ್ಣಾಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂತು ದಿನವಿಡೀ "ಮುಂದಿನವರು ಬನ್ನಿ" ಎನ್ನುವವಳು. ಹನ್ನೊಂದು ವರ್ಷದಿಂದ ನನ್ನ ಗಂಟಲಿಗೆ ಅದಕ್ಕಿಂತ ಹೆಚ್ಚಿನ ಕೆಲಸ ಕೊಟ್ಟಿಲ್ಲ. ಹಾಡದೆ ಸಂಗೀತ ಹೇಳಿಕೊಡುವುದು ಹೇಗೆ ಎಂದು ರಾತ್ರಿಯೆಲ್ಲ ಯೋಚಿಸಿ, ಹಾರ್ಮೋನಿಯಂ ಇದೆಯಲ್ಲ, ಬೆರಳಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಾನು ತಂಗಿ ಎಂದು ಮಕ್ಕಳಿಗೆ ಹೇಳಬೇಡಿ ಎಂದು ಹೆಡ್‌ಮೇಡಂಗೆ ಮೊದಲೇ ತಾಕೀತು ಮಾಡಿದ್ದೆ. ಅಳುಗಿಳು ಶುರುವಾದರೆ ನನ್ನ ಕೈಲಾಗದು.

ಸಂಗೀತದ ಕೋಣೆ ನಲ್ಲಿಗಳ ಸಾಲು ದಾಟಿ, ಜಗುಲಿಯ ತುದಿಯಲ್ಲಿದೆ. ಎರಡನೇ ಕ್ಲಾಸಿನ ಮೂವತ್ತನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಹಾಜರಿ ಕರೆದು, "ನಿಮಗೆ ಬರೋ ಹಾಡು ಒಂದು ಹೇಳಿ ನೋಡೋಣ," ಎಂದೆ. ಅವರು ಹಾಡಿದ್ದು ನಮ್ಮ ಹಾಡು. ಅಕ್ಕನೂ ನಾನೂ ಚಿಕ್ಕವರಿದ್ದಾಗ ಮಹಡಿಯ ಮೆಟ್ಟಿಲ ಮೇಲೆ ಕೂತು ಕಟ್ಟಿದ್ದು.

ಗಾಳಿ ಗಾಳಿ, ಎಲ್ಲಿಗೆ ಹೊರಟೆ?
ಗುಡ್ಡದ ಮೇಲಿನ ಮನೆಗೆ ಹೊರಟೆ.
ಕತ್ತಲ ಮನೆಯಲಿ ಯಾರಿಹರು?

ಅಲ್ಲಿಗೆ ಮೂವತ್ತನಾಲ್ಕೂ ಬಾಯಿ ಒಟ್ಟಿಗೆ ಮುಚ್ಚಿದವು. ಕೈಗಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದವು. ಒಂದು, ಎರಡು, ಮೂರು. ಮೂವತ್ತನಾಲ್ಕು ತಲೆಗಳು ನನ್ನನ್ನು ಬಿಟ್ಟು ಬಾಗಿಲ ಕಡೆ ತಿರುಗಿದವು. ನಾನೂ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಎಂಟು ಎಣಿಕೆ ಮುಗಿಯುತ್ತಲೇ ಏನೂ ಆಗಿಲ್ಲವೆಂಬಂತೆ ಮತ್ತೆ ಹಾಡು ಹಿಡಿದರು.

ಹಾಗಾದರೆ ನಾ ಒಳಬರುವೆ.

"ಬಾಗಿಲ ಹತ್ರ ಏನಿದೆ?" ಎಂದು ಕೇಳಿದೆ. ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. "ಏನಿಲ್ಲ ಮಿಸ್, ಸುಮ್ನೆ."

ನವೆಂಬರ್ 7, ಮಂಗಳವಾರ

ಆ ನಾಲ್ಕನೇ ಸಾಲು ನನ್ನದು. "ನಾನಿರುವೆ, ನಾನಿರುವೆ, ಕದವನು ತೆರೆದೇ ಕೂತಿರುವೆ." ಅಕ್ಕ ಗಾಳಿಯಾಗಿ ಕೇಳುತ್ತಿದ್ದಳು, ನಾನು ಮನೆಯೊಳಗಿನವಳಾಗಿ ಉತ್ತರ ಕೊಡುತ್ತಿದ್ದೆ. ನನಗೆ ಐದು, ಅವಳಿಗೆ ಹನ್ನೊಂದು.

ದೊಡ್ಡವರಾದ ಮೇಲೂ ಇಬ್ಬರೂ ಜೋಡಿಯಾಗಿಯೇ ಹಾಡುತ್ತಿದ್ದೆವು. ಹನ್ನೊಂದು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ, ಕಾರ್ಯಕ್ರಮದ ಕೊನೆಗೆ, ಯಾರೋ ಕೇಳಿದರೆಂದು ಈ ಹಾಡನ್ನೇ ಎತ್ತಿಕೊಂಡೆವು. ಅವಳು "ಯಾರಿಹರು" ಎಂದು ನಿಲ್ಲಿಸಿ ನನ್ನ ಕಡೆ ನೋಡಿದಳು. ನನ್ನ ಗಂಟಲು ಕಟ್ಟಿತು. ಭಯವಲ್ಲ, ಮರೆವೂ ಅಲ್ಲ, ದನಿ ಹೊರಡಲಿಲ್ಲ ಅಷ್ಟೆ. ಎರಡು ಎಣಿಕೆ ಕಾದಿದ್ದರೆ ಹೊರಡುತ್ತಿತ್ತು, ಇವತ್ತಿಗೂ ನನಗೆ ಅದು ಗೊತ್ತು. ಅವಳು ಒಂದನ್ನೂ ಕಾಯಲಿಲ್ಲ. ನನ್ನ ಸಾಲನ್ನು ತಾನೇ ಹಾಡಿ ಮುಂದೆ ಹೋದಳು. ಜನ ಚಪ್ಪಾಳೆ ತಟ್ಟಿದರು, ಅವಳ ಸಮಯಪ್ರಜ್ಞೆಯನ್ನು ಹೊಗಳಿದರು. ನಾನು ವೇದಿಕೆಯ ಮೇಲೆ ಕೈಕಟ್ಟಿ ನಿಂತಿದ್ದೆ. ಆವತ್ತಿನಿಂದ ನಾನು ಹಾಡಿಲ್ಲ, ಅವಳ ಜೊತೆ ನೆಟ್ಟಗೆ ಮಾತೂ ಆಡಿಲ್ಲ.

ಆಗಸ್ಟ್‌ನಲ್ಲಿ ಅಮ್ಮ ಫೋನು ಮಾಡಿ, "ಅಕ್ಕನಿಗೆ ಗಂಟಲು ಸರಿಯಿಲ್ಲ ಕಣೆ, ಒಂದ್ಸಲ ಬಂದು ಹೋಗು," ಎಂದಿದ್ದಳು. ಮುಂದಿನ ತಿಂಗಳು ನೋಡೋಣ ಎಂದೆ. ಮುಂದಿನ ತಿಂಗಳೂ ಅದನ್ನೇ ಅಂದೆ. ಬಂದದ್ದು ಎಲ್ಲ ಮುಗಿದ ಮೇಲೆ. ಅವಳು ಕೊನೆಯವರೆಗೂ ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದಳಾ ಎಂಬುದೊಂದು ನನಗೆ ತಿಳಿಯಬೇಕಿತ್ತು. ಈ ಕೆಲಸವನ್ನು ಬೇಡವೆನ್ನದೆ ಒಪ್ಪಿಕೊಂಡದ್ದೂ ಅದಕ್ಕೇ ಇರಬೇಕು.

ಈಗ ತಿಳಿಯಿತು. ಆವತ್ತು ನನ್ನ ಸಾಲನ್ನು ನುಂಗಿದಳು. ಅಷ್ಟು ಸಾಲದೆಂದು ಹಾಡಿನಿಂದಲೇ ಕಿತ್ತು ಹಾಕಿದ್ದಾಳೆ.

ನವೆಂಬರ್ 10, ಶುಕ್ರವಾರ

ಬಟ್ಟೆ ಮಡಚುತ್ತಿದ್ದ ಅಮ್ಮನನ್ನು ಕೇಳಿಯೇಬಿಟ್ಟೆ. "ಅಕ್ಕ ನನ್ನ ವಿಷಯ ಏನಾದ್ರೂ ಅಂದ್ಲಾ?"

"ಏನನ್ನಬೇಕಿತ್ತು?"

"ಏನಾದ್ರೂ."

"ಆಗ ಬಂದು ಕೇಳಿದ್ರೆ ಅವಳೇ ಹೇಳ್ತಿದ್ಲು," ಎಂದು ಅಮ್ಮ ಅಕ್ಕನ ಸೀರೆಯೊಂದನ್ನು ನನ್ನ ಮಡಿಲಿಗೆ ಹಾಕಿದಳು. "ಆ ಕಡೆ ಅಂಚು ಹಿಡ್ಕೋ."

ಇಬ್ಬರೂ ಸೇರಿ ಮಡಚಿದೆವು.

ನವೆಂಬರ್ 16, ಗುರುವಾರ

ಹೆಡ್‌ಮೇಡಂ ಕರೆದು ಹೇಳಿದರು: ಡಿಸೆಂಬರ್ ಹದಿನೈದಕ್ಕೆ ಶಾಲಾ ವಾರ್ಷಿಕೋತ್ಸವ, ಎರಡನೇ ಕ್ಲಾಸಿನವರು ಗಾಳಿ ಹಾಡು ಹೇಳಲಿ. "ಆದ್ರೆ ಮಧ್ಯೆ ಸುಮ್ನಾಗ್ತಾರಲ್ಲ, ಅದನ್ನ ಸ್ವಲ್ಪ ಸರಿ ಮಾಡಿ. ಮರೆತೋದ್ರು ಅಂದ್ಕೋತಾರೆ ಜನ." ನನಗೂ ಬೇಕಾಗಿದ್ದುದು ಅದೇ.

ಬೋರ್ಡಿನ ಮೇಲೆ ನನ್ನ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸಿದೆ. ಆ ಪೆಟ್ಟಿಗೆಯ ತಿದಿಗೆ ಅಕ್ಕ ಹಚ್ಚಿದ ತೇಪೆ ಇದೆ, ಪ್ರತಿ ಸಲ ಒತ್ತಿದಾಗಲೂ ಮೊದಲು ಅದು ಉಸಿರೆಳೆಯುತ್ತದೆ, ಆಮೇಲೆ ಸ್ವರ. ಮಕ್ಕಳು ಬೋರ್ಡು ನೋಡಿ ಸಾಲನ್ನು ಗಿಳಿಗಳ ಹಾಗೆ ಓದಿದರು. ಹಾಡಿನೊಳಗೆ ಸೇರಿಸಿ ಎಂದರೆ ಮಾತ್ರ ಆಗುವುದಿಲ್ಲ. ಆ ಜಾಗ ಬಂದೊಡನೆ ಬಾಯಿ ಮುಚ್ಚಿ ಬಾಗಿಲು ನೋಡುತ್ತಾರೆ. ಹತ್ತು ಸಲ ಹಾಡಿಸಿದೆ, ಹತ್ತು ಸಲವೂ ಅದೇ. ಹನ್ನೊಂದನೇ ಸಲ ಎದ್ದು ಹೋಗಿ ಬಾಗಿಲು ಹಾಕಿ ಚಿಲಕ ಇಟ್ಟೆ. ಮುಚ್ಚಿದ ಬಾಗಿಲನ್ನೇ ನೋಡಿದರು.

ಮುಂದಿನ ಸಾಲಿನಲ್ಲಿ ಕೂರುವ ಹುಡುಗಿಯೊಬ್ಬಳಿದ್ದಾಳೆ, ಅಂಗೈಯಗಲದ ಮುಖ, ಎಲ್ಲರೂ ಗುಬ್ಬಿ ಎನ್ನುತ್ತಾರೆ. "ಬಾಗಿಲು ತೆಗೀರಿ ಮಿಸ್," ಎಂದಳು.

"ಯಾಕೆ?"

"ಹಾಕಬಾರದು."

ನಾನು ಹಾಕಿಯೇ ಇಟ್ಟೆ. ಏಳು ವರ್ಷದ ಹುಡುಗಿಯ ಜೊತೆ ಹಟಕ್ಕೆ ಬಿದ್ದಿದ್ದೇನೆ, ನಾಚಿಕೆಯಾಗಬೇಕು ನನಗೆ.

ನವೆಂಬರ್ 23, ಗುರುವಾರ

ಗಂಟೆ ಬಾರಿಸುವ ಆಯಾ ಇವತ್ತು ಜಗುಲಿಯಲ್ಲಿ ನನ್ನನ್ನು ಕಂಡು ಕೈಯಲ್ಲಿದ್ದ ಚೆಂಬು ಕೆಳಗೆ ಹಾಕಿದಳು. "ಅಯ್ಯೋ, ನೀವಾ! ಹೆಜ್ಜೆ ಸದ್ದು ಕೇಳಿ ನಮ್ಮ ಮಿಸ್ಸೇ ಬಂದ್ರು ಅಂದ್ಕೊಂಡೆ. ಎದೆ ಧಸಕ್ ಅಂತು ನೋಡಿ."

ಇದರಲ್ಲಿ ಏನೂ ವಿಶೇಷವಿಲ್ಲ. ನನ್ನ ಚಪ್ಪಲಿ ಕಿತ್ತುಹೋಗಿದೆ, ಅಕ್ಕನದು ಹಾಕಿಕೊಳ್ಳುತ್ತಿದ್ದೇನೆ. ಸೀಮೆಸುಣ್ಣದ ಪುಡಿಗೆ ಗಂಟಲು ಕೆರೆಯುತ್ತದೆಂದು ಅವಳ ಡಬ್ಬಿಯಲ್ಲಿದ್ದ ಲವಂಗ ಒಂದೊಂದು ಬಾಯಿಗೆ ಹಾಕಿಕೊಳ್ಳುತ್ತೇನೆ, ಅಷ್ಟೆ. ಹೊಸ ಚಪ್ಪಲಿ ತರಬೇಕು.

ನವೆಂಬರ್ 24, ಶುಕ್ರವಾರ

ಚಪ್ಪಲಿ ಅಂಗಡಿಯವರೆಗೂ ಹೋಗಿ ವಾಪಸು ಬಂದೆ.

ನವೆಂಬರ್ 30, ಗುರುವಾರ

ಗೆದ್ದೆ!

ಬೀರುವಿನಲ್ಲಿ ಒಂದು ಜೊತೆ ಹಿತ್ತಾಳೆಯ ತಾಳ ಸಿಕ್ಕಿತು. ನಾಲ್ಕನೇ ಸಾಲನ್ನು ಯಾರು ಬಾಯಿಬಿಟ್ಟು ಹಾಡುತ್ತಾರೋ ಅವರಿಗೆ ಇದನ್ನು ಬಾರಿಸಲು ಕೊಡುತ್ತೇನೆ ಎಂದೆ. ಮೊದಲು ಹಿಂದಿನ ಸಾಲಿನ ಇಬ್ಬರು ಮೆಲ್ಲಗೆ ಹಾಡಿದರು. ಹಾಡಿ, ತಪ್ಪು ಮಾಡಿದವರಂತೆ ಬಾಗಿಲ ಕಡೆ ನೋಡಿದರು. ಏನೂ ಆಗಲಿಲ್ಲ. ಆಮೇಲೆ ಹತ್ತು ಮಂದಿ, ಆಮೇಲೆ ಇಪ್ಪತ್ತು. ಕೊನೆಯ ಗಂಟೆಯ ಹೊತ್ತಿಗೆ ಹಾಡು ಎಲ್ಲೂ ಕಡಿಯದೆ ನೀರು ಹರಿದ ಹಾಗೆ ಹರಿಯಿತು. ಬಾಗಿಲ ಕಡೆ ಯಾರೂ ನೋಡಲಿಲ್ಲ.

ಗುಬ್ಬಿ ಒಬ್ಬಳನ್ನು ಬಿಟ್ಟು. ತುಟಿ ಬಿಗಿದುಕೊಂಡು ಎಂಟೂ ಎಣಿಕೆ ತೊಡೆ ತಟ್ಟುತ್ತಾಳೆ. ಅವಳನ್ನು ಹಿಂದಕ್ಕೆ ಕೂರಿಸಿದ್ದೇನೆ, ವೇದಿಕೆಗೆ ಹತ್ತಿಸುವುದಿಲ್ಲ. ಒಬ್ಬಳಿಂದ ಇಡೀ ಹಾಡು ಹಾಳಾಗುವುದು ಬೇಡ.

ಕೇಳಿಸಿತಾ ಅಕ್ಕ ನಿನಗೆ? ಮೂವತ್ತಮೂರು ಮಕ್ಕಳು ನನ್ನ ಸಾಲು ಹಾಡಿದರು. ಕಿತ್ತು ಹಾಕಿದೆ ಅಂದುಕೊಂಡಿದ್ದೆಯಲ್ಲ.

ಡಿಸೆಂಬರ್ 8, ಶುಕ್ರವಾರ

ಮಧ್ಯಾಹ್ನ ಬಿಡುವಿನ ಪಿರಿಯಡ್ಡು. ಕೋಣೆಯಲ್ಲಿ ಒಬ್ಬಳೇ ಇದ್ದೆ. ಎಲ್ಲಿಂದಲೋ ತಾಳದ ಸದ್ದು. ಟಕ್, ಟಕ್, ಟಕ್. ಎಂಟಾದ ಮೇಲೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಎಂಟು. ಜಗುಲಿಗೆ ಬಂದು ಹುಡುಕಿದೆ. ಎರಡನೇ ಕ್ಲಾಸಿನಲ್ಲಿ ಲೆಕ್ಕ ನಡೆಯುತ್ತಿತ್ತು, ಗುಬ್ಬಿ ಪೆನ್ಸಿಲಿನ ಹಿಂಬದಿಯಿಂದ ಡೆಸ್ಕಿನ ಮೇಲೆ ತಟ್ಟುತ್ತಿದ್ದಳು. ಸರಿ, ಗುಬ್ಬಿ. ಸಮಾಧಾನವಾಗಿ ವಾಪಸು ಬಂದು ಕೂತೆ. ಸದ್ದು ಆಗಲೂ ಕೇಳುತ್ತಲೇ ಇತ್ತು. ಕೆಳಗೆ ನೋಡಿದರೆ ಹಾರ್ಮೋನಿಯಂನ ಹಲಗೆಯ ಮೇಲೆ ತಟ್ಟುತ್ತಿದ್ದುದು ನನ್ನದೇ ಬೆರಳು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲಿ ನಿಂತು ಒಂದು ಕ್ಷಣ ನನ್ನನ್ನು ಬೇರೆಯೇ ತರಹ ನೋಡಿದಳು. "ಬಂದ್ಯಾ," ಎಂದಳು. ಆ "ಬಂದ್ಯಾ" ನನಗೆ ಹೇಳಿದ್ದಲ್ಲ. ಹಾಗಂತ ನಾನು ತಿದ್ದಲೂ ಇಲ್ಲ.

ನಿನ್ನ ಲವಂಗದ ಡಬ್ಬಿ ಖಾಲಿಯಾಯಿತು, ಬೇರೆ ತಂದು ತುಂಬಿಸಿದೆ.

ಡಿಸೆಂಬರ್ 15, ಶುಕ್ರವಾರ

ಇವತ್ತಿನದೆಲ್ಲವನ್ನೂ ಬರೆಯಬೇಕು.

ವಾರ್ಷಿಕೋತ್ಸವ ಚೆನ್ನಾಗಿಯೇ ಆಯಿತು. ಸಭಾಂಗಣದ ತುಂಬ ತಂದೆತಾಯಂದಿರು. ನಾನು ವೇದಿಕೆಯ ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದೆ. ಮಕ್ಕಳು "ಯಾರಿಹರು" ಎಂದರು, ಒಂದು ಎಣಿಕೆಯೂ ತಡೆಯದೆ ನನ್ನ ಸಾಲು ಹಾಡಿದರು, ಮುಂದೆ ಹೋದರು. ಚಪ್ಪಾಳೆ. ಹನ್ನೊಂದು ವರ್ಷದ ಹಿಂದೆ ಕೇಳಿದ್ದ ಅದೇ ಚಪ್ಪಾಳೆ. ನಾನು ಮತ್ತೆ ವೇದಿಕೆಯ ಮೇಲೆ ಬಾಯಿ ಮುಚ್ಚಿ ಕೂತಿದ್ದೆ, ನನ್ನ ಸಾಲು ನನ್ನನ್ನು ಬಿಟ್ಟು ಹೋಗಿತ್ತು. ಈ ಸಲ ಅದನ್ನು ನುಂಗಲು ಕಲಿಸಿದವಳು ನಾನೇ.

ಮುಗಿದ ಮೇಲೆ ಆಯಾ ಬಂದು, "ನಿಮ್ಮ ಗುಬ್ಬಿ ಹಾಡು ಮುಗಿಯೋವರೆಗೂ ವೇದಿಕೆಗೆ ಬೆನ್ನು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಈಗ ಕರೆದ್ರೂ ಬರ್ತಿಲ್ಲ," ಎಂದಳು. ಹೋದೆ. ಸಭಾಂಗಣದ ಹೊರಬಾಗಿಲಿನ ಹೊಸ್ತಿಲ ಮೇಲೆ ನಿಂತು ಖಾಲಿ ಮೈದಾನ ನೋಡುತ್ತಿದ್ದಳು.

"ಇಲ್ಲೇನು ಮಾಡ್ತಿದೀಯ ಗುಬ್ಬಿ?"

"ಕಾಯ್ತಿದೀನಿ."

"ಯಾರನ್ನ?"

"ಹೇಳಬಾರದು. ಗುಟ್ಟು."

ನಾನು ಪಕ್ಕದಲ್ಲಿ ಕೂತೆ. ವೇದಿಕೆಗೆ ಹತ್ತಿಸದೆ ಇದ್ದದ್ದಕ್ಕೆ ತಪ್ಪಾಯಿತು ಎಂದೆ. ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ಆ ಸಾಲು ನಮ್ಮದಲ್ಲ. ನಮ್ಮ ಮಿಸ್ಸಿನ ತಂಗಿದು. ನಾವ್ಯಾರೂ ಹಾಡಬಾರದು, ಎಂಟು ಎಣಿಸಿ ಜಾಗ ಬಿಡಬೇಕು ಅಂದಿದ್ರು ಮಿಸ್. ಒಂದ್ಸಲ ಕಾಯದೆ ಅವರೇ ಹಾಡಿಬಿಟ್ರಂತೆ, ತಂಗಿಗೆ ಬೇಜಾರಾಯ್ತಂತೆ. ಅದಕ್ಕೇ ಈಗ ಕಾಯ್ಬೇಕು. ಒಂದಿನ ಅವರು ಬಾಗಿಲಿಂದ ಹಾಡ್ತಾ ಬರ್ತಾರೆ. ನೀವು ಎಲ್ಲರಿಗೂ ಹಾಡಿಸಿಬಿಟ್ರಿ. ಈಗ ಅವರು ಬಂದ್ರೆ ಎಲ್ಲಿ ಹಾಡ್ತಾರೆ?"

"ಆ ತಂಗಿ ನಾನೇ," ಎಂದೆ.

ಗುಬ್ಬಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಕ್ಕನ ಚಪ್ಪಲಿಯ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಅಲ್ಲ," ಎಂದಳು. "ನೀವು ಹಾಡೋದೇ ಇಲ್ವಲ್ಲ."

ಡಿಸೆಂಬರ್ 16, ಶನಿವಾರ

ಅಮ್ಮನಿಗೆ ಎಲ್ಲ ಹೇಳಿದೆ. ಶಾಲೆಯಲ್ಲಿ ಹೀಗೊಂದು ಪಾಠ ನಡೆದಿತ್ತೆಂದು ಅವಳಿಗೂ ಗೊತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನ್ನ ಮೇಲೆ ಸಿಟ್ಟಿತ್ತಾ ಅಮ್ಮ ಅವಳಿಗೆ? ನಿಜ ಹೇಳು."

"ಇತ್ತು. ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ? ದನಿ ಪೂರ್ತಿ ಹೋದ ಮೇಲೆ ಸ್ಲೇಟಿನ ಮೇಲೆ ಬರೆದು ಬರೆದು ನಿನ್ನ ಬೈಯ್ತಿದ್ಲು. ಫೋನು ಮಾಡಿ ಕರೀತೀನಿ ಅಂದ್ರೆ, ಬೇಡ, ಕರೆದ್ರೆ ಬರೋದು ಬೇರೆ, ತಾನಾಗೇ ಬರೋದು ಬೇರೆ ಅಂತ ಬರೆದು ತೋರಿಸೋಳು." ಅಮ್ಮ ಮೊದಲ ಸಲ ನನ್ನ ಮುಖ ನೋಡಿದಳು. "ಸಿಟ್ಟು ಇಟ್ಕೊಂಡೇ ನಿನ್ನ ಜಾಗಾನೂ ಇಟ್ಟಿದ್ಲು ಅಂತಾಯ್ತು."

ಇಬ್ಬರೂ ಅತ್ತೆವು. ನಿನ್ನ ಸ್ಲೇಟು ಕೇಳಿದೆ. ಅಮ್ಮ ತಂದುಕೊಟ್ಟಳು. ಒರೆಸಿಟ್ಟಿದ್ದಳು, ಒಂದಕ್ಷರವೂ ಇರಲಿಲ್ಲ.

ಡಿಸೆಂಬರ್ 18, ಸೋಮವಾರ

ನಾಲ್ಕನೇ ಸಾಲು ಇನ್ನು ಯಾರೂ ಹಾಡಬೇಡಿ ಎಂದೆ. "ಮಿಸ್, ನೀವೇ ಹಾಡಿ ಅಂದ್ರಿ!" ಎಂದು ಗದ್ದಲ. ಕಲಿತದ್ದನ್ನು ಮರೆಸುವುದು ಎಷ್ಟು ಕಷ್ಟವೆಂದು ಇವತ್ತು ತಿಳಿಯಿತು. ಅರ್ಧ ಮಂದಿ ಹಾಡುತ್ತಾರೆ, ಅರ್ಧ ಮಂದಿ ನಿಲ್ಲಿಸುತ್ತಾರೆ, ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೈಯೊಳಗೇ ಹಾಡುತ್ತಾನೆ. ನೀನು ಕಲಿಸಿದ್ದನ್ನು ಮೂರು ವಾರದಲ್ಲಿ ಕೆಡಿಸಿಟ್ಟಿದ್ದೇನೆ.

ಗುಬ್ಬಿಯನ್ನು ಮುಂದಿನ ಸಾಲಿಗೆ ಕರೆದು, "ನೀನು ಇವರಿಗೆ ಹೇಳಿಕೊಡು," ಎಂದೆ. ಅವಳಿಗೆ ನನಗಿಂತ ಹೆಚ್ಚು ತಾಳ್ಮೆಯಿದೆ.

ಡಿಸೆಂಬರ್ 20, ಬುಧವಾರ

ಹಾಡಲು ನೋಡಿದೆ. ಬಚ್ಚಲಿನಲ್ಲಿ, ನಲ್ಲಿ ಬಿಟ್ಟುಕೊಂಡು. ಬರುವುದಿಲ್ಲ.

ಡಿಸೆಂಬರ್ 22, ಶುಕ್ರವಾರ

ನಾಳೆಯಿಂದ ರಜೆ. ನನ್ನದು ಇವತ್ತೇ ಕೊನೆಯ ಪಾಠ.

ಮಕ್ಕಳನ್ನು ಕೂರಿಸಿ, "ಹಾಡ್ತಾ ಇರಿ, ಬಂದೆ," ಎಂದು ಜಗುಲಿಗೆ ಬಂದು ಬಾಗಿಲನ್ನು ಅರ್ಧ ಎಳೆದುಕೊಂಡೆ. ಆಯಾ ದೂರದಲ್ಲಿ ನಲ್ಲಿಯ ಹತ್ತಿರ ನಿಂತು ನೋಡುತ್ತಿದ್ದಳು. ಒಳಗೆ ಗುಬ್ಬಿ "ಒಂದು, ಎರಡು" ಎಂದಳು, ಹಾಡು ಶುರುವಾಯಿತು.

ಕತ್ತಲ ಮನೆಯಲಿ ಯಾರಿಹರು?

ಎಲ್ಲ ಬಾಯಿಗಳೂ ನಿಂತವು. ಒಂದೇ ಒಂದು ದನಿಯೂ ಉಳಿದಿರಲಿಲ್ಲ. ತೊಡೆ ತಟ್ಟುವ ಸದ್ದು ಮಾತ್ರ. ಒಂದು. ಎರಡು. ಆವತ್ತು ಎರಡು ಎಣಿಕೆ ಕಾದಿದ್ದರೆ ಸಾಕಿತ್ತು ಎಂದು ಹನ್ನೊಂದು ವರ್ಷ ಹೇಳಿಕೊಂಡು ಬಂದವಳು ನಾನು. ಎರಡು ಮುಗಿಯಿತು. ದನಿ ಬರಲಿಲ್ಲ. ಮೂರು. ನಾಲ್ಕು. ಅಕ್ಕ, ಎಂಟು ಕಾದಿದ್ದರೂ ಆವತ್ತು ಬರುತ್ತಿರಲಿಲ್ಲವೇನೋ. ಇಷ್ಟು ವರ್ಷ ಎಂಥ ಮಾತಿಗೆ ಜೋತುಬಿದ್ದಿದ್ದೆ ನಾನು! ಏಳು. ಎಂಟು.

ಎಂಟರ ಮೇಲೂ ತಾಳ ನಿಲ್ಲಲಿಲ್ಲ. "ಹಾಗಾದರೆ" ಎಂದು ಯಾರೋ ಶುರು ಮಾಡಿದರು, ಗುಬ್ಬಿ "ಶ್!" ಎಂದಳು. ಒಂಬತ್ತು. ಹತ್ತು. ಮೂವತ್ತನಾಲ್ಕು ಮಕ್ಕಳು ಲೆಕ್ಕ ಬಿಟ್ಟು ಕಾಯುತ್ತಿದ್ದರು. ನಾನು ಬಾಗಿಲು ದೂಡಿದೆ.

"ನಾನಿರುವೆ" ಎಂದು ಹಾಡಿದೆ. ತುಕ್ಕು ಹಿಡಿದ ದನಿ, ಸ್ವರ ಎಲ್ಲೋ, ನಾನೆಲ್ಲೋ. ಹೇಗೋ ಸಾಲು ಮುಗಿಸಿದೆ. ಹಾಡುತ್ತಲೇ ಒಳಗೆ ನಡೆದು ಬಂದೆ. ಮಕ್ಕಳು ಮೊದಲು ಬಾಯಿ ತೆರೆದು ನೋಡಿದರು, ಆಮೇಲೆ ಚಾಪೆಯೇ ಹಾರುವ ಹಾಗೆ ಕುಣಿದಾಡಿ "ಬಂದ್ರು, ಬಂದ್ರು!" ಎಂದು ಕೂಗಿಕೊಂಡರು. ಯಾರೋ ನನ್ನ ಸೊಂಟ ತಬ್ಬಿಕೊಂಡರು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಗುಬ್ಬಿ ಮಾತ್ರ ಏಳಲಿಲ್ಲ. ಕೂತಲ್ಲೇ ಕೂತು, ನನ್ನನ್ನು ದಾಟಿ ಬಾಗಿಲನ್ನೇ ನೋಡುತ್ತಿದ್ದಳು. ಅವಳ ಕೈ ಇನ್ನೂ ತಾಳ ಹಾಕುತ್ತಿತ್ತು.

"ಬಂದೆನಲ್ಲ ಗುಬ್ಬಿ," ಎಂದೆ. "ಈಗ ನಂಬ್ತೀಯಾ, ನಾನೇ ಅಂತ?"

"ಹೂಂ, ನೀವೇ," ಎಂದಳು. ಕಣ್ಣು ಬಾಗಿಲಿನಿಂದ ಕದಲಲಿಲ್ಲ.

"ಮತ್ತೆ ಇನ್ನೂ ಯಾರನ್ನ ನೋಡ್ತಿದೀಯ?"

"ನಮ್ಮ ಮಿಸ್ಸನ್ನ. ತಂಗಿ ಬಂದ ದಿನ ಇಬ್ಬರೂ ಒಟ್ಟಿಗೆ ಹಾಡ್ತೀವಿ ಅಂದಿದ್ರು," ಎಂದಳು ಗುಬ್ಬಿ. "ನೀವು ಬಂದ್ರಲ್ಲ, ಇನ್ನು ಅವರು ಬರಬೇಕು."

ನಾನು ಬಾಗಿಲು ಹಾಕಲಿಲ್ಲ. ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಅವಳ ಜೊತೆ ತೊಡೆ ತಟ್ಟುತ್ತಾ, ಕೊನೆಯ ಗಂಟೆ ಹೊಡೆಯುವವರೆಗೂ ಬಾಗಿಲ ಕಡೆ ನೋಡಿದೆ.